ಹತ್ತಿರದ ಅಕ್ಷರ

"ಮೋಹನ್ ಹರ್ ರೋಜ್ ಸುಬಹ್ ಬಗೀಚೇ ಮೇಂ ಟಹಲ್ನೇ ಜಾತಾ ಹೈ..." ಎಂದು ಪರದೆಯ ಆಚೆಯಿಂದ ಕಮಲೇಶಳ ಧ್ವನಿ ಸರಾಗವಾಗಿ ಕೇಳಿಬಂದಾಗ ಈಚೆ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ಉಸಿರು ಬಿಟ್ಟರು. ಕಾರ್ಡು ಹಳೆಯದೇ ಇರಬೇಕು. ಮೋಹನ ಈ ವರ್ಷವೂ ಬೆಳಿಗ್ಗೆ ಎದ್ದು ತೋಟದಲ್ಲಿ ತಿರುಗಾಡಲು ಹೋಗಿದ್ದಾನೆ.

"ರುಕಿಯೇ, ರುಕಿಯೇ," ಎಂದು ತಡೆಯಿತು ಒಂದು ಎಳೆಯ ಗಂಡುದನಿ. "ಆಂಟೀಜೀ, ಈ ಕಾರ್ಡಿನಲ್ಲಿ ಮೋಹನ್ ಎಲ್ಲಿದ್ದಾನೆ?"

ಕಾರ್ಡು ಬೇರೆಯದಾಗಿತ್ತು.

ನೋಯ್ಡಾದ ಆ ಚಿಪ್ ಕಾರ್ಖಾನೆಯಲ್ಲಿ ಪ್ರತಿ ಜನವರಿಗೆ ಕಣ್ಣಿನ ಪರೀಕ್ಷೆ ನಡೆಯುವುದು ವಾಡಿಕೆ. ಇಷ್ಟು ವರ್ಷವೂ ಅದನ್ನು ಮಾಡುತ್ತಿದ್ದವರು ಡಿಸ್ಪೆನ್ಸರಿಯ ಸಿಸ್ಟರ್ ಅಚ್ಚಾಮ್ಮ. ಅವರ ಹತ್ತಿರ ಇದ್ದದ್ದು ಒಂದೇ ಕಾರ್ಡು, ಅದರಲ್ಲಿ ಇದ್ದದ್ದು ಮೋಹನನ ಒಂದೇ ಕಥೆ. ಮೇಲಿನ ಸಾಲು ದಪ್ಪಕ್ಷರದಲ್ಲಿ, ಕೆಳಕೆಳಗೆ ಬಂದಂತೆ ಸಣ್ಣಗಾಗುತ್ತ, ಕೊನೆಯ ಸಾಲಿನಲ್ಲಿ ಮೋಹನ ಮನೆಗೆ ಮರಳಿ ಹಾಲು ಕುಡಿಯುವ ಹೊತ್ತಿಗೆ ಅಕ್ಷರ ಸಾಸಿವೆಗಿಂತ ಚಿಕ್ಕದಾಗುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಚಿಪ್ಪಿಗೆ ಚಿನ್ನದ ತಂತಿ ಬೆಸೆಯುವ ಬಾಂಡಿಂಗ್ ರೂಮಿನ ಹೆಂಗಸರಿಗೆಲ್ಲ ಅದು ಬಾಯಿಪಾಠ. "ಇಪ್ಪತ್ತು ವರ್ಷದಿಂದ ಬರೀ ತಿರುಗ್ತಾನೇ ಇದ್ದಾನಲ್ಲ ನಿಕಮ್ಮಾ, ಇವನಿಗೆ ಯಾರೂ ನೌಕರಿ ಕೊಡಲಿಲ್ವಾ?" ಎಂದು ಕಂಪನಿ ಬಸ್ಸಿನಲ್ಲಿ ಕಮಲೇಶ್ ನಗಿಸುತ್ತಿದ್ದಳು. ವಯಸ್ಸು ನಲವತ್ತು ದಾಟಿ ಒಬ್ಬೊಬ್ಬರಿಗೇ ಚಾಳೀಸು ಬಂದಾಗಲೂ ಮೋಹನ ಯಾರ ಕೈಯನ್ನೂ ಬಿಟ್ಟಿರಲಿಲ್ಲ.

ಆದರೆ ಅಚ್ಚಾಮ್ಮ ದೀಪಾವಳಿಗೆ ಮೊದಲೇ ನಿವೃತ್ತರಾಗಿದ್ದರು. ಡಿಸ್ಪೆನ್ಸರಿಯನ್ನೇ ಒಂದು ಏಜೆನ್ಸಿಗೆ ಠೇಕೆಗೆ ಕೊಟ್ಟಾಗಿತ್ತು. ಅದೇ ಹೊತ್ತಿನಲ್ಲಿ ಹೊಸದಾಗಿ ಬಂದ ಪರ್ಸೊನೆಲ್ ಮ್ಯಾನೇಜರ್ ಭಲ್ಲಾ ಸಾಹೇಬರು ಹಳೆಯ ನೇಮಕಾತಿ ನಿಯಮಗಳನ್ನು ತಿರುವಿಹಾಕಿ ಒಂದು ಸಾಲನ್ನು ಹುಡುಕಿ ನೋಟೀಸು ಬೋರ್ಡಿಗೆ ಹಚ್ಚಿದ್ದರು: ಬಾಂಡಿಂಗ್ ಆಪರೇಟರ್ ಆದವರು ಕನ್ನಡಕವಿಲ್ಲದೆ ಹತ್ತಿರದ ಅಕ್ಷರವನ್ನು ಓದಬಲ್ಲವರಾಗಿರಬೇಕು. ಹದಿನೆಂಟು-ಇಪ್ಪತ್ತರ ಹುಡುಗಿಯರನ್ನು ಸೇರಿಸಿಕೊಳ್ಳುವಾಗ ಬರೆದ ಮಾತು ಅದು. ಓದಲಾರದವರು ಸ್ವಯಂನಿವೃತ್ತಿ ತೆಗೆದುಕೊಳ್ಳಬಹುದು, ಯಾರ ಬಲವಂತವೂ ಇಲ್ಲ, ಎಂದು ಕೆಳಗೆ ಇನ್ನೊಂದು ಸಾಲಿತ್ತು.

ಪರದೆ ಸರಿಸಿಕೊಂಡು ಕಮಲೇಶ್ ಹೊರಗೆ ಬಂದಳು. ಮುರಾದ್‌ನಗರದ ಕಡೆಯ ಎತ್ತರದ ಹೆಂಗಸು. ಕಮಲೇಶ್ ಎನ್ನುವುದು ಹೆಣ್ಣಿನ ಹೆಸರೂ ಆಗಬಹುದೆಂದು ಬೆಂಚಿನಲ್ಲಿ ಕುಳಿತಿದ್ದ ಅಹಲ್ಯೆಗೆ ಗೊತ್ತಾದದ್ದೇ ದಿಲ್ಲಿಗೆ ಬಂದು ಇವಳ ಪಕ್ಕದ ಸೀಟಿನಲ್ಲಿ ಕುಳಿತ ಮೇಲೆ. ಅಂದಿನಿಂದ ಇಬ್ಬರ ಮೈಕ್ರೋಸ್ಕೋಪುಗಳೂ ಅಕ್ಕಪಕ್ಕ, ಬಸ್ಸಿನಲ್ಲಿ ಸೀಟುಗಳೂ ಅಕ್ಕಪಕ್ಕ.

"ಮೋಹನ್ ಸತ್ತ," ಎಂದಳು ಕಮಲೇಶ್ ಹಿಂದಿಯಲ್ಲಿ. ಯಾರಾದರೂ ನಗುತ್ತಾರೇನೋ ಎಂಬಂತೆ ಒಂದು ಕ್ಷಣ ನಿಂತಳು. ಆಮೇಲೆ ದುಪಟ್ಟಾ ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು.

"ನೆಕ್ಸ್ಟ್," ಎಂದಿತು ಆ ದನಿ. ಅಹಲ್ಯಾ ಎದ್ದಳು.

ಒಳಗೆ ಇದ್ದವನು ಅವಳ ಮಗಳು ಲಾವಣ್ಯಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿದ್ದಾನು. ಬಿಳಿ ಕೋಟು, ಕೊರಳಲ್ಲಿ ಏಜೆನ್ಸಿಯ ಪಟ್ಟಿ. ಹೆಸರು ಓದಿ ತಲೆಯೆತ್ತಿದ.

"ಅಹಲ್ಯಾ ಗುರುರಾಜ್... ಸೌತ್ ಇಂಡಿಯನ್?"

"ಕರ್ನಾಟಕ."

"ಅಚ್ಛಾ! ಹಾಗಾದರೆ ಕನ್ನಡ್. ನಮ್ಮ ಹತ್ತಿರ ಎಲ್ಲಾ ಭಾಷೆಯದೂ ಇದೆ ಆಂಟೀಜೀ. ಯಾರೂ ಕೇಳುವುದೇ ಇಲ್ಲ." ಅವನು ಖುಷಿಯಿಂದ ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ಕಿನ ಕಾರ್ಡುಗಳನ್ನು ಒಂದೊಂದಾಗಿ ಸರಿಸಿ, ಹಿಂದೆ ಬರೆದಿದ್ದ ಹೆಸರು ನೋಡಿ ಒಂದನ್ನು ಅವಳ ಕೈಗಿಟ್ಟ. "ಕೈ ಇಷ್ಟು ದೂರ. ಹಿಂದೆ ಸರಿಸಬಾರದು. ಓದಿ."

ಹಿಂದಿ ಕಾರ್ಡು ಕೊಡಿ ಎಂದು ಹೇಳಬಹುದಾಗಿತ್ತು. ಕೊಟ್ಟರೂ ಏನು ಪ್ರಯೋಜನ? ಅದರಲ್ಲಿ ಮೋಹನ ಇರಲಿಲ್ಲ. ಅಹಲ್ಯಾ ಕಾರ್ಡನ್ನು ನೋಡಿದಳು. ಅಚ್ಚಾದ ಕನ್ನಡವನ್ನು ನೋಡಿ ಎಷ್ಟು ದಿನವಾಗಿತ್ತೋ.

"ಊರಿನ ಅಂಚೆಯವನ ಬಳಿ ಒಂದು ಸೈಕಲ್ ಇತ್ತು," ಎಂದು ಓದಿದಳು. "ಅವನು ಮಳೆಯಿರಲಿ, ಬಿಸಿಲಿರಲಿ, ಮನೆಮನೆಗೆ ಹೋಗಿ ಕಾಗದಗಳನ್ನು ಕೊಡುತ್ತಿದ್ದನು." ಮೂರನೆಯ ಸಾಲನ್ನು ಕಣ್ಣು ಕಿರಿದು ಮಾಡಿ ಹಿಡಿದಳು. "ಮಕ್ಕಳು ಅವನ ಗಂಟೆಯ ಸದ್ದನ್ನು ಕೇಳಿ..." ಅಲ್ಲಿಂದ ಕೆಳಗೆ ಸಾಲುಗಳು ಒದ್ದೆಯಾದ ಕಾಗದದ ಶಾಯಿಯ ಹಾಗೆ ಒಂದರೊಳಗೊಂದು ಕಲಸಿಹೋಗಿದ್ದವು.

ಹುಡುಗ ಕಾಯುತ್ತಿದ್ದ. ಅವನ ಕಣ್ಣು ಕಾರ್ಡಿನ ಮೇಲಿರಲಿಲ್ಲ, ಅವಳ ತುಟಿಗಳ ಮೇಲಿತ್ತು. ಅವನಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿಲ್ಲ ಎಂಬುದು ಅಹಲ್ಯೆಗೆ ಆಗ ಹೊಳೆಯಿತು.

"...ಓಡಿ ಬರುತ್ತಿದ್ದರು," ಎಂದಳು. ದನಿ ನಿಲ್ಲಲಿಲ್ಲ, ನಿಲ್ಲಿಸಲು ಅವಳಿಗೆ ಧೈರ್ಯವೂ ಇರಲಿಲ್ಲ. "ಒಂದು ದಿನ ಅವನು ಒಬ್ಬ ಹೆಂಗಸಿನ ಮನೆಗೆ ಬಂದನು. ಆ ಹೆಂಗಸು ಕತ್ತಲಲ್ಲಿ ಎದ್ದು, ಮೂರು ಡಬ್ಬಿಗಳಿಗೆ ಅನ್ನ ತುಂಬಿ, ಬಸ್ಸು ಹಿಡಿಯುತ್ತಿದ್ದಳು. ಅವಳ ಕಣ್ಣು ಮಂದವಾಗಿತ್ತು. ಅದನ್ನು ಅವಳು ಗಂಡನಿಗೂ ಸರಿಯಾಗಿ ಹೇಳಿರಲಿಲ್ಲ. ಈಗ ತಾನೇ ಅವಳ ಗೆಳತಿಯು ಈ ಕೋಣೆಯಿಂದ ಹೊರಗೆ ಹೋದಳು. ಆಗ ಅವಳಿಗೆ ದುಃಖವಾಗಬೇಕಾಗಿತ್ತು. ಆಗಲಿಲ್ಲ. ಒಬ್ಬಳು ಕಡಿಮೆಯಾದಳು ಎಂದು ಅವಳ ಮನಸ್ಸು ಎಣಿಸಿತು." ಶಾಲೆಯ ಪಾಠವನ್ನು ಓದುವ ರಾಗದಲ್ಲಿ, ಪೂರ್ಣವಿರಾಮ ಬಂದಲ್ಲಿ ದನಿ ಇಳಿಸಿ, ಅಷ್ಟನ್ನೂ ಹೇಳಿ ಮುಗಿಸಿದಳು.

"ವಾಹ್," ಎಂದ ಹುಡುಗ. "ಕೊನೇ ಸಾಲಿನವರೆಗೂ! ಎಷ್ಟು ಮೀಠಾ ಭಾಷೆ ಆಂಟೀಜೀ." ಅವನು ಬರೆದುಕೊಂಡು ಕಾರ್ಡನ್ನು ತಿರುಗಿ ಪೆಟ್ಟಿಗೆಯಲ್ಲಿಟ್ಟ.

ಹೊರಗೆ ಹೋಗುವ ದಾರಿಯಲ್ಲಿ, ಔಷಧಿಯ ಬೀರುವಿನ ಪಕ್ಕ, ಕುರ್ಚಿಯ ಮೇಲೆ ಒಬ್ಬ ತರುಣ ಬೆರಳಿಗೆ ಹತ್ತಿ ಒತ್ತಿಹಿಡಿದು ಕುಳಿತಿದ್ದ. ಹೊಸ ಆಟೊಮ್ಯಾಟಿಕ್ ಬಾಂಡರ್ ಯಂತ್ರಗಳನ್ನು ಕೂರಿಸಲು ಬಂದ ತಂಡದವನು, ನೋಡಿ ಗೊತ್ತಿತ್ತು. ಅವನು ಅವಳನ್ನು ನೋಡಿದ. ತಕ್ಷಣ ತಲೆ ತಗ್ಗಿಸಿ ಹತ್ತಿಯನ್ನು ನೋಡಿಕೊಂಡ.

ಸಂಜೆಯ ಬಸ್ಸು ಮಂಜಿನಲ್ಲಿ ತೆವಳುತ್ತಿತ್ತು. ಮಾಮೂಲಿನ ದಿನವಾಗಿದ್ದರೆ ಈ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಅಂತಾಕ್ಷರಿಯೋ ಯಾರದೋ ಮಗುವಿನ ಹುಟ್ಟುಹಬ್ಬದ ಸಮೋಸಾವೋ ನಡೆದಿರಬೇಕು. ಈ ಬಸ್ಸು ಕಾಯಂ ನೌಕರರಿಗೆ ಮಾತ್ರ. ಗುತ್ತಿಗೆಯ ಮೇಲೆ ದುಡಿಯುವ ಠೇಕೇದಾರನ ಹುಡುಗಿಯರು ತಮ್ಮ ಹಳದಿ ಟೋಪಿ ಮಡಚಿ ಪರ್ಸಿಗೆ ಹಾಕಿಕೊಂಡು ಬೇರೆ ಗೇಟಿನಿಂದ ಹೊರಟು ಶೇರ್ ಆಟೊ ಹಿಡಿಯುತ್ತಿದ್ದರು. ಕಮಲೇಶ್ ಮಡಿಲಲ್ಲಿ ಹಸಿಬಟಾಣಿಯ ಚೀಲ ಇಟ್ಟುಕೊಂಡು ಬಿಡಿಸುತ್ತಿದ್ದಳು. ಚಳಿಗಾಲದಲ್ಲಿ ಬಸ್ಸಿನ ಅರ್ಧ ಹೆಂಗಸರು ರಾತ್ರಿಯ ಅಡುಗೆಯನ್ನು ಅಲ್ಲಿಂದಲೇ ಶುರುಮಾಡುವವರು.

"ಹನ್ನೊಂದು ಜನರಲ್ಲಿ ನೀನೊಬ್ಬಳೇ," ಎಂದಳು ಕಮಲೇಶ್. "ನಮ್ಮೆಲ್ಲರ ಹೆಸರು ಬೋರ್ಡಿಗೆ ಹಚ್ಚಾಯಿತು. ಹೇಗೆ ಓದಿದೆ ಹೇಳು? ಅನ್ನದಲ್ಲಿ ಕಲ್ಲು ಕಾಣಲ್ಲ ಅಂತಿದ್ದೆ."

"ಕನ್ನಡದ ಕಾರ್ಡು ಕೊಟ್ಟ," ಎಂದಳು ಅಹಲ್ಯಾ. ಕಿಟಕಿಯ ಗಾಜನ್ನು ಅಂಗೈಯಿಂದ ಒರೆಸಿದಳು. "ನಮ್ಮ ಅಕ್ಷರ ಸ್ವಲ್ಪ ದುಂಡಗೆ ಇರುತ್ತೆ. ಕಾಣಿಸಿತು."

ಕಮಲೇಶ್ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಮುಖವರಳಿಸಿ ಹಿಂದಿನವರಿಗೆ ಕೇಳುವಂತೆ ಕೂಗಿದಳು. "ಕೇಳಿದಿರೇನೇ? ಇವರ ಅಕ್ಷರ ಜಲೇಬಿ! ಜಲೇಬಿ ಯಾರಿಗೆ ಕಾಣಲ್ಲ? ನಮ್ಮದು ಗೆರೆಗೆ ನೇತುಹಾಕಿದ ಒದ್ದೆ ಬಟ್ಟೆ. ಸರಸ್ವತಿ ಇವಳ ಕಡೆ ಇದ್ದಾಳೆ, ನಮಗೆ ಮೋಹನ್!" ಬಸ್ಸಿನಲ್ಲಿ ಆ ದಿನದ ಮೊದಲ ನಗು ಎದ್ದಿತು. ಕಮಲೇಶ್ ಒಂದು ಹಿಡಿ ಬಟಾಣಿಕಾಳನ್ನು ಅಹಲ್ಯೆಯ ಅಂಗೈಗೆ ಸುರಿದು, "ತಿನ್ನು. ನನಗೆ ಖುಷಿಯೇ ಆಯಿತು ಬಹನ್, ಸುಳ್ಳು ಯಾಕೆ ಹೇಳಲಿ. ಒಬ್ಬಳಾದರೂ ಉಳಿದೆಯಲ್ಲ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿದಳು. "ಒಂದು ಕೆಲಸ ಮಾಡು. ನೀನು ಭಲ್ಲಾ ಹತ್ತಿರ ಹೋಗು. ನಾವು ಹೋದರೆ ಫೇಲಾದವರ ಅಳು ಅಂತಾನೆ. ನೀನು ಪಾಸಾದವಳು, ನಿನ್ನ ಮಾತು ಕೇಳುತ್ತಾನೆ. ಮೈಕ್ರೋಸ್ಕೋಪಿನ ತಿರುಪು ಒಂಚೂರು ತಿರುಗಿಸಿಕೊಂಡರೆ ಎಂಥ ಮಂದಗಣ್ಣಿಗೂ ಚಿನ್ನದ ಎಳೆ ಹಗ್ಗದ ಹಾಗೆ ಕಾಣುತ್ತೆ, ಅದಕ್ಕೂ ಕಾರ್ಡಿಗೂ ಸಂಬಂಧ ಇಲ್ಲ ಅಂತ ಹೇಳು. ನಿನ್ನೆಯವರೆಗೆ ನನ್ನ ಕೈಯಿಂದ ಒಂದು ತಂತಿಯಾದರೂ ಕಿತ್ತುಹೋಗಿದೆಯಾ? ಹೇಳ್ತೀಯಲ್ಲ?"

"ಹೇಳ್ತೀನಿ," ಎಂದಳು ಅಹಲ್ಯಾ.

ಇಂದಿರಾಪುರದ ಮನೆಯಲ್ಲಿ ಗುರುರಾಜ ಇನ್ನೂ ಬಂದಿರಲಿಲ್ಲ. ಓಖ್ಲಾದ ಅವನ ಕಂಪನಿ ಮುಚ್ಚಿದ ಮೇಲೆ ಗುಡಗಾಂವಿನ ಕಾಲ್ ಸೆಂಟರೊಂದಕ್ಕೆ ಕ್ಯಾಬುಗಳನ್ನು ಕಳಿಸುವ ಕೆಲಸ ಹಿಡಿದಿದ್ದ. ಅದೂ ಆರಾರು ತಿಂಗಳ ಕರಾರು. ಈ ಫ್ಲ್ಯಾಟಿಗೆ ಬ್ಯಾಂಕಿನವರು ಸಾಲ ಕೊಟ್ಟದ್ದು ಅಹಲ್ಯೆಯ ಹೆಸರಿನಲ್ಲಿ. ಮನೆಯಲ್ಲಿ ಪರ್ಮನೆಂಟ್ ಅನ್ನಿಸಿಕೊಂಡವಳು ಅವಳೊಬ್ಬಳೇ.

ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡದ್ದನ್ನು ನೋಡಿ ಲಾವಣ್ಯಾ ಪುಸ್ತಕ ಬಿಟ್ಟು ಎದ್ದುಬಂದಳು. "ಅಮ್ಮಾ, ಕೊಡಿಲ್ಲಿ. ನಿಂಗೆ ದಿಖ್ತಾ ನಹೀ, ಫಿರ್ ಭೀ ನೀನೇ ಮಾಡ್ತೀಯ." ಮೊರ ಎಳೆದುಕೊಂಡು ಕಲ್ಲು ಆರಿಸತೊಡಗಿದಳು. "ಟೆಸ್ಟ್ ಕಾ ಕ್ಯಾ ಹುವಾ?"

"ಪಾಸಾಯ್ತು."

ಹುಡುಗಿಯ ಬೆರಳು ನಿಂತಿತು. "ಸಚ್ಚಿ? ಹೇಗೆ?"

"ಕನ್ನಡದಲ್ಲಿ ಓದಿಸಿದ್ರು."

"ವಾವ್. ಏನ್ ಬರ್ದಿತ್ತು ಅದ್ರಲ್ಲಿ?"

"ಯಾರೋ ಅಂಚೆಯವನ ಕಥೆ."

"ಫಿರ್? ಆಮೇಲೆ ಏನಾಯ್ತು ಅವ್ನಿಗೆ?"

"ಪೂರ್ತಿ ನೆನಪಿಲ್ಲ ಕಣೇ," ಎಂದು ಅಹಲ್ಯಾ ಕುಕ್ಕರಿನ ಮುಚ್ಚಳ ಹುಡುಕಲು ಎದ್ದಳು.

ಗುರುರಾಜ ಬಂದವನು ಸುದ್ದಿ ಕೇಳಿ ಷೂ ಬಿಚ್ಚುವುದನ್ನೂ ಮರೆತು ಸೋಫಾದಲ್ಲಿ ಕುಸಿದ. "ಅಬ್ಬಾ! ಇಡೀ ದಿನ ನಂಗೆ ಅದೇ ಯೋಚನೆ. ಎರಡು ಕ್ಯಾಬು ತಪ್ಪು ಅಡ್ರೆಸ್ಸಿಗೆ ಕಳ್ಸಿ ಬೈಸ್ಕೊಂಡೆ. ಪಾಪ, ಕಮಲೇಶ್‌ದೂ ಆಯ್ತಾ?"

"ಇಲ್ಲ. ಯಾರ್ದೂ ಆಗ್ಲಿಲ್ಲ. ರೀ, ಅದು..." ಎಂದು ಅವಳು ಶುರುಮಾಡಿದಳು.

"ಯಾರ್ದೂ ಆಗ್ಲಿಲ್ವಾ? ನಿನ್ನೊಬ್ಬಳದೇನಾ?" ಅವನ ಮುಖದಲ್ಲಿ ಬೇರೆಯವರ ಬಗ್ಗೆ ಮರುಕವೂ ಇವಳ ಬಗ್ಗೆ ಹೆಮ್ಮೆಯೂ ಒಟ್ಟಿಗೆ ಬಂದವು. ಹೆಮ್ಮೆಯೇ ಹೆಚ್ಚಾಗಿತ್ತು. ಅಷ್ಟು ಹಗುರಾದ ಅವನ ಮುಖವನ್ನು ನೋಡಿ ಎಷ್ಟೋ ಕಾಲವಾಗಿತ್ತು. ಅಹಲ್ಯಾ ಮಾತನ್ನು ಅಲ್ಲಿಗೇ ಬಿಟ್ಟು ನೀರು ತರಲು ಒಳಗೆ ಹೋದಳು.

ಭಲ್ಲಾ ಸಾಹೇಬರ ಕೋಣೆಗೆ ಅವಳು ಹೋದದ್ದು ಎರಡು ದಿನ ಬಿಟ್ಟು. ಹೋಗಲೇಬೇಕಾಯಿತು, ಕಮಲೇಶ್ ಬೆಳಿಗ್ಗೆ ಸಂಜೆ ಕೇಳುತ್ತಿದ್ದಳು. ಆದರೆ ಬಾಗಿಲು ತಟ್ಟುವ ಮೊದಲೇ ಪ್ಯೂನ್ ಬಂದು, "ಸಾಹೇಬರೇ ನಿಮ್ಮನ್ನು ಕರೆಯುತ್ತಿದ್ದಾರೆ," ಎಂದ.

"ಆಯಿಯೇ, ಆಯಿಯೇ ಅಹಲ್ಯಾಜೀ," ಎಂದು ಭಲ್ಲಾ ಎದ್ದುನಿಂತರು. ಇಷ್ಟು ವರ್ಷದ ನೌಕರಿಯಲ್ಲಿ ಅವಳಿಗಾಗಿ ಯಾವ ಮ್ಯಾನೇಜರೂ ಎದ್ದು ನಿಂತದ್ದಿಲ್ಲ. ಚಹಾ ತರಿಸಿದರು. ನಯವಾದ ಮನುಷ್ಯ, ಮಾತಿನಲ್ಲಿ ಎಲ್ಲೂ ಗಡಸಿಲ್ಲ. ಮೇಜಿನ ಮೇಲಿದ್ದ ಅರ್ಜಿಯೊಂದನ್ನು ಅವಳ ಕಡೆ ತಿರುಗಿಸಿದರು. ಅದರ ಕೆಳಗೆ ಕಮಲೇಶಳ ದೊಡ್ಡ ಅಕ್ಷರದ ಸಹಿ ಮಾತ್ರ ಅಹಲ್ಯೆಗೆ ಸರಿಯಾಗಿ ಕಂಡಿತು.

"ನಿಮ್ಮ ಸಾಥಿಗಳು ಬರೆದಿದ್ದಾರೆ. ನಲವತ್ತು ದಾಟಿದ ಯಾರೂ ಇಷ್ಟು ಸಣ್ಣ ಅಕ್ಷರ ಓದಲಾರರು, ಆದ್ದರಿಂದ ನಿಯಮವೇ ಅನ್ಯಾಯ ಅಂತ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ನಿಜವಾಗಿ. ಹೆಡ್ ಆಫೀಸಿಗೂ ಸ್ವಲ್ಪ ಹಿಂಜರಿಕೆ ಇತ್ತು. ಆದರೆ ನೀವು ಓದಿದಿರಿ." ಅವರು ನಕ್ಕರು. "ಒಬ್ಬರು ಓದಿದ ಮೇಲೆ ನಿಯಮ ಅನ್ಯಾಯ ಅನ್ನುವುದು ಹೇಗೆ? ನಿಮ್ಮ ವಯಸ್ಸೇ, ನಿಮ್ಮದೇ ಕೆಲಸ. ನಾನು ನಿಮ್ಮ ಹೆಸರನ್ನೇ ಬರೆದು ಕಳಿಸಿದ್ದೇನೆ."

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಅಹಲ್ಯಾ ಅದನ್ನೇ ನೋಡುತ್ತ, "ಸರ್, ಮೈಕ್ರೋಸ್ಕೋಪಿನಲ್ಲಿ ಕೂತರೆ ಕನ್ನಡಕ ಬೇಕಾಗಲ್ಲ," ಎಂದಳು. "ಕಮಲೇಶಳ ಕೈ ನನ್ನ ಕೈಗಿಂತ ಚೆನ್ನಾಗಿದೆ. ಹೊಸಬರಿಗೆಲ್ಲ ಕಲಿಸಿದವಳು ಅವಳು."

"ಇರಬಹುದು. ಕೈಯ ಬಗ್ಗೆ ನಿಯಮ ಇಲ್ಲ ಅಹಲ್ಯಾಜೀ, ಕಣ್ಣಿನ ಬಗ್ಗೆ ಇದೆ. ಮತ್ತೆ ಮೈಕ್ರೋಸ್ಕೋಪು ಇನ್ನೆಷ್ಟು ದಿನ? ಹೊಸ ಮಷೀನುಗಳು ಬಂದಿವೆ, ನಾಲ್ಕಕ್ಕೆ ಒಬ್ಬ ಹುಡುಗಿ ಸಾಕು. ಕಂಪನಿಗೆ ಬೇಕಾದವರು ಒಬ್ಬಿಬ್ಬರು ಅನುಭವಸ್ಥರು. ನೀವು ಇದ್ದೀರಿ." ಅವರು ಕಪ್ಪನ್ನು ಅವಳ ಕಡೆ ಒತ್ತಿದರು. "ತೊಗೊಳ್ಳಿ, ಆರುತ್ತೆ. ನಿಮಗೆ ಬೇರೆ ಏನಾದರೂ ಹೇಳುವುದಿದೆಯೆ?"

ಇತ್ತು. ಒಂದೇ ವಾಕ್ಯ. ಸರ್, ನಾನೂ ಓದಲಿಲ್ಲ. ಅದನ್ನು ಹಿಂದಿಯಲ್ಲಿ ಹೇಗೆ ಹೇಳಬೇಕೆಂಬುದು ಕೂಡ ಅವಳಿಗೆ ಸಿದ್ಧವಾಗಿತ್ತು, ನಾಲ್ಕೈದು ಶಬ್ದಗಳು. ಹೇಳಿದರೆ ಮೇಜಿನ ಮೇಲಿನ ಅರ್ಜಿ ನಿಜವಾಗುತ್ತದೆ. ಹೇಳಿದರೆ ಬೋರ್ಡಿನಲ್ಲಿ ಅವಳ ಹೆಸರೂ ಸೇರುತ್ತದೆ. ಎರಡೂ ಆದೀತು, ಅಥವಾ ಎರಡನೆಯದು ಮಾತ್ರ ಆದೀತು. ಗುರುರಾಜ ಷೂ ಬಿಚ್ಚದೆ ಕುಳಿತಿದ್ದ ರೀತಿ ಅವಳ ಕಣ್ಣ ಮುಂದೆ ಬಂತು.

"ಇಲ್ಲ ಸರ್," ಎಂದಳು. ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ಚಹಾ ಕುಡಿದಳು. ಅದು ಆಗಲೇ ಆರಿತ್ತು.

ಕಾರಿಡಾರಿನ ಕೊನೆಯಲ್ಲಿ ಕಮಲೇಶ್ ನಿಂತಿದ್ದಳು. "ಹೇಳಿದೆಯಾ?"

"ಹೇಳಿದೆ. ಮೈಕ್ರೋಸ್ಕೋಪಿನದ್ದು, ನಿನ್ನ ಕೈಯದ್ದು, ಎಲ್ಲಾ. ಕೇಳಲಿಲ್ಲ."

"ಹೋಗಲಿ ಬಿಡು," ಎಂದು ಕಮಲೇಶ್ ಅವಳ ಬೆನ್ನು ಸವರಿದಳು. "ನೀನು ಹೋದೆಯಲ್ಲ. ಉಳಿದವರಾಗಿದ್ದರೆ ಪಾಸಾದ ಮೇಲೆ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ."

ಮಧ್ಯಾಹ್ನ ಅಹಲ್ಯೆಯನ್ನು ಹೊಸ ಮಷೀನುಗಳ ಹಾಲಿಗೆ ಕಳಿಸಿದರು. ಕಲಿಸಲು ಬಂದವನು ಡಿಸ್ಪೆನ್ಸರಿಯಲ್ಲಿ ಹತ್ತಿ ಒತ್ತಿಕೊಂಡು ಕುಳಿತಿದ್ದ ಆ ತರುಣ. ಬಿಳಿ ಟೋಪಿ, ಮುಖಕ್ಕೆ ಮಾಸ್ಕು. ಬೆರಳಿಗೆ ಇನ್ನೂ ಪಟ್ಟಿಯಿತ್ತು. ಯಂತ್ರದ ಸಣ್ಣ ತಲೆ ಹೊಲಿಗೆಯಂತ್ರದ ಸೂಜಿಗಿಂತ ವೇಗವಾಗಿ ಕುಣಿಯುತ್ತಿತ್ತು. ಅವಳು ಒಂದು ಚಿಪ್ಪಿಗೆ ತಂತಿ ಹಚ್ಚುವ ಹೊತ್ತಿನಲ್ಲಿ ಅದು ಸಾಲು ಚಿಪ್ಪುಗಳ ಒಂದು ಪಟ್ಟಿಯನ್ನೇ ಮುಗಿಸಿ ಮುಂದಿನದನ್ನು ಎಳೆದುಕೊಳ್ಳುತ್ತಿತ್ತು. ಕಣ್ಣಿಡಲು ಎಲ್ಲಿಯೂ ಕೊಳವೆಯಿರಲಿಲ್ಲ. ಎದುರಿಗೆ ಒಂದು ಪರದೆ, ಅದರಲ್ಲಿ ಬೂದುಬಣ್ಣದ ಚಿತ್ರ.

"ಅದೇ ನೋಡ್ಕೊಳ್ಳುತ್ತೆ ಮೇಡಂ," ಎಂದ ಅವನು, ಕನ್ನಡದಲ್ಲಿ.

ಅಹಲ್ಯೆಯ ಕೈ ಯಂತ್ರದ ಅಂಚಿನ ಮೇಲೆ ಹಾಗೇ ನಿಂತಿತು. ಯಂತ್ರ ಎರಡು ಪಟ್ಟಿ ಮುಗಿಸಿತು.

"ಯಾವೂರು?" ಎಂದು ಕೇಳಿದಳು ಕೊನೆಗೆ.

"ತುಮಕೂರು. ಅನೂಪ್ ಅಂತ." ಅವನೂ ಯಂತ್ರವನ್ನೇ ನೋಡುತ್ತಿದ್ದ. "ಅವತ್ತು ನಾನು ಬೇಕು ಅಂತ ಕೇಳಿಸ್ಕೊಳ್ಳಲಿಲ್ಲ. ಇಲ್ಲಿಗೆ ಬಂದು ಎಂಟು ತಿಂಗಳಾಯ್ತು, ಯಾರಾದ್ರೂ ಕನ್ನಡ ಮಾತಾಡಿದ್ರೆ ಕಿವಿ ತಾನಾಗೇ ಆ ಕಡೆ ಹೋಗುತ್ತೆ. ಮೊದಲು ನಿಜವಾಗ್ಲೂ ಪಾಠ ಅಂದ್ಕೊಂಡೆ."

"ಎಲ್ಲಿಯವರೆಗೆ?"

"ಡಬ್ಬಿಗೆ ಅನ್ನ ತುಂಬೋವರೆಗೆ."

ಮಾಸ್ಕಿನ ಒಳಗೆ ಅವಳ ಮುಖ ಬಿಸಿಯಾಯಿತು. ಅನ್ನದ ಡಬ್ಬಿಯ ಮಾತಿಗಲ್ಲ. ಅದರ ನಂತರ ಹೇಳಿದ್ದನ್ನೂ ಇವನು ಕೇಳಿದ್ದಾನೆ. ದಿಲ್ಲಿಯಲ್ಲಿ ಯಾರಿಗೂ ಅರ್ಥವಾಗದು ಎಂದುಕೊಂಡು ಆಡಿದ ಮಾತು, ಅದನ್ನು ಅರ್ಥಮಾಡಿಕೊಳ್ಳಬಲ್ಲ ಒಬ್ಬನ ಕಿವಿಗೇ ನೇರ ಹೋಗಿ ಬಿದ್ದಿದೆ.

"ನೀನು ಯಾರಿಗಾದ್ರೂ ಹೇಳ್ತೀಯೇನಪ್ಪಾ?"

"ನಾನ್ಯಾರು ಹೇಳೋಕೆ? ನಂದೂ ಕಾಂಟ್ರಾಕ್ಟೇ. ಮಾರ್ಚಿಗೆ ಮುಗಿಯುತ್ತೆ. ಈ ಮಷೀನು ಚೆನ್ನಾಗಿ ಓಡಿದ್ರೆ ನನ್ನ ಕೆಲಸ ಮುಗಿದ ಹಾಗೆ, ಓಡದಿದ್ರೆ ನನಗೆ ಕೆಟ್ಟ ಹೆಸರು." ಅವನು ನಗಲು ನೋಡಿದ. "ನನ್ನಮ್ಮ ಫೋನ್ ಮಾಡ್ದಾಗೆಲ್ಲ ಪರ್ಮನೆಂಟ್ ಆಯ್ತಾ ಅಂತ ಕೇಳ್ತಾರೆ. ಇನ್ನೇನು ಆಗುತ್ತೆ ಅಂತೀನಿ."

"ಹಾಗಂತ ಸುಳ್ಳು ಹೇಳ್ತೀಯಾ?"

ಕೇಳಿದ ಮೇಲೆ ಅಹಲ್ಯೆಗೆ ತನ್ನ ಪ್ರಶ್ನೆ ತನಗೇ ಕೇಳಿಸಿತು. ಅನೂಪ್ ಯಂತ್ರದ ಪಕ್ಕದ ಮುಚ್ಚಳ ತೆಗೆದು, ಚಿನ್ನದ ತಂತಿಯ ಸುರುಳಿಯನ್ನು ಹೇಗೆ ಬದಲಾಯಿಸಬೇಕು, ಸುರುಳಿಯ ಮೇಲಿನ ನಂಬರನ್ನು ಪರದೆಯಲ್ಲಿ ಹೇಗೆ ಒತ್ತಬೇಕು ಎಂದು ತೋರಿಸತೊಡಗಿದ. "ನಂಬರ್ ತಪ್ಪಾದ್ರೆ ಬೇರೆ ದಪ್ಪದ ತಂತಿ ಅಂದ್ಕೊಂಡು ಜೋರಾಗಿ ಒತ್ತಿಬಿಡುತ್ತೆ, ಇಡೀ ಪಟ್ಟಿ ಹಾಳು. ಅದೊಂದು ಹುಷಾರು ಮೇಡಂ," ಎಂದ. ಅವನ ಬೆರಳು ತೋರಿಸಿದ ಕಡೆ ಅಹಲ್ಯಾ ಬಗ್ಗಿ ನೋಡಿದಳು. ಅಲ್ಲಿ ಒಂದು ಬಿಳಿಯ ಚೀಟಿ ಇತ್ತು. ಚೀಟಿಯ ಮೇಲೆ ಏನೋ ಇತ್ತು.

ತಿಂಗಳು ಮುಗಿಯುವುದರೊಳಗೆ ಹತ್ತು ಜನವೂ ಸ್ವಯಂನಿವೃತ್ತಿಗೆ ಸಹಿ ಹಾಕಿದರು. 'ಸ್ವಯಂ' ಎಂಬ ಶಬ್ದಕ್ಕೆ ಕಮಲೇಶ್ ಬಸ್ಸಿನಲ್ಲಿ ಒಂದು ಬೈಗುಳ ಸೇರಿಸಿ ಹೇಳಿದಳು, ಅದು ಎಲ್ಲರಿಗೂ ಇಷ್ಟವಾಗಿ ಇಡೀ ಬಸ್ಸು ಅದನ್ನೇ ಹೇಳಿತು. ಕೊನೆಯ ದಿನ ಹಿಂದಿನ ಸೀಟಿನವರು ಬರ್ಫಿ ಹಂಚಿದರು, ಯಾರೋ ಅತ್ತರು. ಬಾಂಡಿಂಗ್ ರೂಮಿನಲ್ಲಿ ಮೈಕ್ರೋಸ್ಕೋಪುಗಳಿಗೆ ಪ್ಲಾಸ್ಟಿಕ್ಕಿನ ಮುಸುಕು ಹಾಕಿ ದೀಪ ಆರಿಸಿದರು. ಮರುದಿನದಿಂದ ಅಷ್ಟು ದೊಡ್ಡ ಬಸ್ಸು ಬರಲಿಲ್ಲ. ಒಂದು ವ್ಯಾನು ಬಂತು. ಅದರಲ್ಲಿ ಅಕೌಂಟ್ಸಿನ ಇಬ್ಬರು ಗಂಡಸರು, ಅಹಲ್ಯಾ, ಮತ್ತು ಡ್ರೈವರು. ಆ ಇಬ್ಬರು ದಾರಿಯುದ್ದಕ್ಕೂ ಪೇಪರ್ ಓದಿದರು. ಅವಳು ಕಿಟಕಿಯ ಪಕ್ಕ ಕುಳಿತು, ಪಕ್ಕದ ಸೀಟಿನ ಮೇಲೆ ಡಬ್ಬಿಯ ಚೀಲ ಇಟ್ಟುಕೊಂಡಳು.

ಹೊಸ ಮಷೀನುಗಳ ಹಾಲಿನಲ್ಲಿ ಮೊದಲ ಕೆಲವು ದಿನ ಅವಳು ಹೇಗೋ ನಿಭಾಯಿಸಿದಳು. ಅನೂಪ್ ಹತ್ತಿರದಲ್ಲಿದ್ದರೆ ತಾನಾಗಿಯೇ ಬಂದು, "ನಾನೇ ಹಾಕ್ತೀನಿ ಮೇಡಂ," ಎಂದು ಸುರುಳಿಯ ನಂಬರು ಒತ್ತಿ ಹೋಗುತ್ತಿದ್ದ. ಇಲ್ಲದಿದ್ದರೆ ಹಳದಿ ಟೋಪಿಯ ಹುಡುಗಿಯರಲ್ಲಿ ಯಾರನ್ನಾದರೂ, ಕಲಿಸುವ ನೆಪದಲ್ಲಿ, "ಓದು ನೋಡೋಣ," ಎನ್ನುತ್ತಿದ್ದಳು. ಮೈಕ್ರೋಸ್ಕೋಪು ಇದ್ದಾಗ ಕಾಣದ ಚೀಟಿಯನ್ನು ಅದರ ಕೆಳಗೆ ತಳ್ಳಿದರೆ ಸಾಕಾಗಿತ್ತು. ಅಕ್ಷರ ಹಲಗೆಯಷ್ಟು ಅಗಲವಾಗಿ ನಿಲ್ಲುತ್ತಿತ್ತು. ಇಲ್ಲಿ ಪರದೆಯ ಚಿತ್ರ ಎಷ್ಟು ದೊಡ್ಡದಿದ್ದರೂ ಅದು ಚಿಪ್ಪಿನದು, ಚೀಟಿಯದಲ್ಲ. ಕನ್ನಡಕ ಮಾಡಿಸಿಕೊಳ್ಳುವ ಹಾಗೂ ಇರಲಿಲ್ಲ. ಭಲ್ಲಾ ಸಾಹೇಬರು ದಿನಕ್ಕೊಮ್ಮೆಯಾದರೂ ಗಾಜಿನ ಗೋಡೆಯಾಚೆ ಯಾರನ್ನಾದರೂ ಕರೆತಂದು ಅವಳ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು.

ಫೆಬ್ರವರಿಯ ಒಂದು ಸೋಮವಾರ ಠೇಕೇದಾರನ ಹೊಸ ತಂಡ ಬಂತು. ಸಾಲಾಗಿ ಒಳಬಂದ ಹಳದಿ ಟೋಪಿಗಳ ನಡುವೆ ಒಂದು ಟೋಪಿ ಉಳಿದವುಗಳಿಗಿಂತ ಒಂದು ಗೇಣು ಮೇಲಿತ್ತು. ಮಾಸ್ಕಿನ ಮೇಲೆ ಕಪ್ಪು ಫ್ರೇಮಿನ ದಪ್ಪ ಕನ್ನಡಕ. ಆ ನಡಿಗೆಯನ್ನು ಮುಖ ನೋಡಿ ಗುರುತಿಸಬೇಕಾಗಿರಲಿಲ್ಲ.

"ಕ್ಯಾ ದೇಖ್ ರಹೀ ಹೈ, ಏನು ನೋಡ್ತಿದ್ದೀಯ?" ಎಂದಳು ಕಮಲೇಶ್ ಪಕ್ಕದ ಯಂತ್ರಗಳ ಮುಂದೆ ಬಂದು ನಿಂತು. "ಅರ್ಧ ಸಂಬಳ, ಬಸ್ಸಿಲ್ಲ, ಕ್ಯಾಂಟೀನಿಲ್ಲ. ಆದರೆ ನೋಡು, ಠೇಕೇದಾರ ಕಣ್ಣಿನ ಬಗ್ಗೆ ಏನೂ ಕೇಳಲಿಲ್ಲ. ಅವನ ಕಾಗದದಲ್ಲಿ ಕಣ್ಣೇ ಇಲ್ಲ. ಹಾಗಾದರೆ ಹಾಕಿಕೊಳ್ಳೋಣ ಅಂತ ಮಾಡಿಸಿಕೊಂಡೆ." ಕನ್ನಡಕವನ್ನು ಮೂಗಿನ ಮೇಲೆ ಏರಿಸಿದಳು. "ಅರೇ, ನಮ್ಮ ಬೆಂಚಿನ ಅಂಚಿನಲ್ಲಿ ಇಷ್ಟು ದೂಳಿರುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು! ನಿನಗೆ ಸುಕ್ಕು ಬಂದಿದೆ ಬಹನ್. ಯಾಕೆ ಹೇಳಲಿಲ್ಲ?"

ಅಹಲ್ಯಾ ನಕ್ಕಳು. ಇಷ್ಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಇಬ್ಬರೂ ತಮ್ಮ ತಮ್ಮ ಯಂತ್ರಗಳ ಕಡೆ ತಿರುಗಿದರು.

ಹನ್ನೊಂದರ ಹೊತ್ತಿಗೆ ಅಹಲ್ಯೆಯ ಮೂರನೆಯ ಯಂತ್ರ ಕಿರ್ರೆಂದು ಕೂಗಿ ನಿಂತಿತು. ತಂತಿ ಮುಗಿದಿತ್ತು. ಅವಳು ಹೊಸ ಸುರುಳಿ ಬಿಚ್ಚಿ ಕೂರಿಸಿದಳು. ಪರದೆಯ ಮೇಲೆ ಖಾಲಿ ಚೌಕವೊಂದು ಮಿನುಗುತ್ತ ನಂಬರಿಗಾಗಿ ಕಾದಿತು. ಅನೂಪ್ ಆ ದಿನ ಗುಡಗಾಂವಿನಲ್ಲಿದ್ದ. ಹುಡುಗಿಯರೆಲ್ಲ ಆಚೆ ತುದಿಯಲ್ಲಿದ್ದರು. ಗಾಜಿನ ಆಚೆ ಭಲ್ಲಾ ಸಾಹೇಬರು ಟೈ ಕಟ್ಟಿದ ಇಬ್ಬರೊಂದಿಗೆ ಬಂದು ನಿಂತು ಮುಗುಳ್ನಗುತ್ತ ಅವಳ ಕಡೆ ಕೈಮಾಡಿದರು.

ಅಹಲ್ಯಾ ಚೀಟಿಯನ್ನು ನೋಡಿದಳು. ತೋಳು ಚಾಚುವಂತಿರಲಿಲ್ಲ. ಎಂಟೋ ಮೂರೋ, ಅದರ ಮುಂದಿನದು ಸೊನ್ನೆಯೋ ಆರೋ. ಅವಳು ಸುರುಳಿಯ ಖಾಲಿ ಪೆಟ್ಟಿಗೆಯನ್ನು, ಅದರ ಮೇಲೂ ಅದೇ ಚೀಟಿ ಇತ್ತು, ಬೆಂಚಿನ ಮೇಲಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಇನ್ನೂ ಸ್ವಲ್ಪ ಸರಿಸಿದಳು. ಪೆಟ್ಟಿಗೆ ಕಮಲೇಶಳ ಮೊಣಕೈಗೆ ತಾಗಿತು.

ಕಮಲೇಶ್ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಕನ್ನಡಕದೊಳಗಿಂದ ಅಹಲ್ಯೆಯನ್ನು ನೋಡಿದಳು. ಗಾಜಿನ ಆಚೆ ನಿಂತವರನ್ನು ಒಮ್ಮೆ ನೋಡಿ, ಮತ್ತೆ ಅಹಲ್ಯೆಯನ್ನು ನೋಡಿದಳು.

ಅವಳ ಮಾಸ್ಕು ಸಣ್ಣಗೆ ಅಲುಗಿತು. ತಲೆ ತನ್ನ ಯಂತ್ರದ ಕಡೆಗೇ ಇತ್ತು. "ಎಂಟು," ಎಂದಳು ತಗ್ಗಿದ ದನಿಯಲ್ಲಿ. "ಸೊನ್ನೆ. ಸೊನ್ನೆ. ನಾಲ್ಕು."

ಅಹಲ್ಯೆಯ ಬೆರಳು ಪರದೆಯ ಮೇಲೆ ಒಂದೊಂದಾಗಿ ಒತ್ತಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳಿಗೆ ಅದು ಏನೆಂಬುದೇ ಮರೆತುಹೋಗಿತ್ತು. ಬೆರಳು ಗಾಳಿಯಲ್ಲಿ ನಿಂತಿತು.

ಕಮಲೇಶ್ ಮತ್ತೊಮ್ಮೆ ಮೊದಲಿನಿಂದ ಹೇಳಿದಳು, ಈ ಸಲ ಇನ್ನೂ ನಿಧಾನವಾಗಿ.